ಹೆರೆಯದ ಮೇಣ

ಆರಡಿ ಉದ್ದದ ಚೀಲವನ್ನು ಹೆಗಲಿಗೇರಿಸಿಕೊಂಡು ಸಿಂಗಾಪುರದ ಜುರಾಂಗ್ ಈಸ್ಟಿನಿಂದ ಉಬಿಗೆ ಎಂಆರ್‌ಟಿ ರೈಲಿನಲ್ಲಿ ಹೊರಟ ಐವತ್ತೆಂಟರ ಹೆಂಗಸನ್ನು ಜನ ನೋಡದೆ ಬಿಡುತ್ತಾರೆಯೇ? ನೋಡಿಕೊಳ್ಳಲಿ ಅಂತ ಚೀಲವನ್ನು ಬಾಗಿಲ ಪಕ್ಕ ನಿಲ್ಲಿಸಿ ಅದಕ್ಕೇ ಒರಗಿಕೊಂಡೆ. ಒಳಗಿದ್ದದ್ದು ನನ್ನ ಗಂಡ ಮುರಳಿಯ ಸ್ಕೀಗಳು. ಮೂರು ವರ್ಷದಿಂದ ನಮ್ಮ ಮನೆಯ ಬಾಂಬ್ ಶೆಲ್ಟರಿನಲ್ಲಿ, ಇಲ್ಲಿನ ಫ್ಲ್ಯಾಟುಗಳಲ್ಲಿ ಎಲ್ಲರೂ ಉಗ್ರಾಣ ಮಾಡಿಕೊಳ್ಳುವ ಆ ಕೋಣೆಯಲ್ಲಿ, ಅಕ್ಕಿ ಡಬ್ಬ ಮತ್ತು ಹಳೇ ಸೂಟ್‌ಕೇಸುಗಳ ಹಿಂದೆ ನಿಂತಿದ್ದವು. ಮಗಳು ಮೇಘ ಈ ಶುಕ್ರವಾರ ಸ್ವಿಟ್ಜರ್ಲೆಂಡಿಗೆ ಹೊರಡುತ್ತಿದ್ದಾಳೆ. ಈ ಸಲ ಅಪ್ಪನ ಸ್ಕೀಗಳ ಮೇಲೇ ಇಳಿಯಬೇಕಂತೆ. “ಅಮ್ಮಾ, ಲಿಮ್ ಅಂಕಲ್ ಹತ್ರ ಸರ್ವಿಸ್ ಮಾಡಿಸಿ ಇಡು, ನಂಗೆ ಆಫೀಸ್ ಬಿಟ್ಟು ಬರೋಕಾಗಲ್ಲ ಲಾ” ಅಂದಿದ್ದಳು, ಈ ಊರಿನವರ ‘ಲಾ’ ಸೇರಿಸಿ. ಅವಳು ಹೊರಡುವುದು ಆಷಾಢದ ಮೊದಲ ಶುಕ್ರವಾರ. ನಾನು ಆಷಾಢದ ಸುದ್ದಿಯನ್ನೇ ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಅನ್ನುವುದಕ್ಕೆ ಮೂರು ವರ್ಷದ ಹಿಂದಿನ ಮಾತು ಹೇಳಬೇಕು.

ಲಿಮ್ ಅಂಕಲ್ ಅಂಗಡಿಯಿರುವ ಕಟ್ಟಡದ ತುಂಬ ಕಾರು ರಿಪೇರಿಯವರೇ. ಟಯರು, ಗ್ರೀಸು, ಕಾದ ಕಬ್ಬಿಣ, ಕೆಳಗಿನ ಕ್ಯಾಂಟೀನಿನ ಬೆಳ್ಳುಳ್ಳಿ, ಇವೆಲ್ಲವನ್ನೂ ದಾಟಿ ಮೂರನೇ ಮಹಡಿಯ ಕೊನೆಯ ಬಾಗಿಲು ತಳ್ಳಿದರೆ ಮಾತ್ರ ಬೇರೆ ವಾಸನೆ. ಕಾದ ಮೇಣದ್ದು. ದೇವರ ಮುಂದೆ ಕರೆಂಟು ಹೋದಾಗ ಹಚ್ಚಿಟ್ಟ ಮೇಣದಬತ್ತಿ ಆರಿಸಿದರೆ ಬರುತ್ತದಲ್ಲ, ಅದರಂತೆಯೇ, ಸ್ವಲ್ಪ ಸಿಹಿ ಜಾಸ್ತಿ. ಎಪ್ಪತ್ತು ದಾಟಿದ ಲಿಮ್ ಅಂಕಲ್ ಬ್ಯಾಡ್ಮಿಂಟನ್ ರಾಕೆಟ್ಟಿಗೆ ತಂತಿ ಕಟ್ಟುತ್ತಾನೆ, ಸೈಕಲ್ಲು ಬಿಚ್ಚುತ್ತಾನೆ, ಜಪಾನಿಗೋ ನ್ಯೂಜಿಲೆಂಡಿಗೋ ಹೋಗುವ ಹುಡುಗ ಹುಡುಗಿಯರ ಸ್ಕೀಗಳಿಗೆ ಇಸ್ತ್ರಿಪೆಟ್ಟಿಗೆಯಲ್ಲಿ ಮೇಣ ಹಚ್ಚುತ್ತಾನೆ. ತಾನು ಮಾತ್ರ ಹಿಮ ಕಂಡಿರುವುದು ಫ್ರಿಜ್ಜಿನಲ್ಲೇ. ನಾನು ಚೀಲ ಹೊತ್ತು ಹೋದ ದಿನವೂ ಯಾರದ್ದೋ ಸ್ಕೀ ಮೇಜಿನ ಮೇಲೆ ಮಲಗಿತ್ತು. ನನ್ನನ್ನು ಕಂಡವನೇ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ಮಿಸ್ಟರ್ ಮುರಳಿ ಹೇಗಿದ್ದಾರೆ ಅಂದ. ಇದ್ದಾನೆ ಅಂದೆ. ಕೈಯಲ್ಲಿದ್ದದ್ದನ್ನು ಮುಗಿಸಿಬಿಡುತ್ತೇನೆ, ಕೂತಿರು ಅಂತ ಸ್ಟೂಲು ಎಳೆದುಕೊಟ್ಟ. ಆ ವಾಸನೆಯಲ್ಲಿ ಕೂತದ್ದೇ ತಡ, ಆ ವರ್ಷವೆಲ್ಲ ಎದ್ದು ಬಂತು.

ನಾನು ಮತ್ತು ಮುರಳಿ ಮೈಸೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಒಂದೇ ಕ್ಲಾಸು. ಅದಕ್ಕೇ ಅವನು ಇವತ್ತಿಗೂ ನನಗೆ ‘ಅವನು’. ಅವನು ಬ್ಯಾಂಕಿನ ಕಡೆ ಜಾರಿದ, ನಾನು ಇಲ್ಲಿ ಪಾಲಿಟೆಕ್ನಿಕ್ಕಿನಲ್ಲಿ ಥರ್ಮೋಡೈನಾಮಿಕ್ಸ್ ಪಾಠ ಹೇಳುತ್ತ ಉಳಿದೆ. ಜ್ಯೂರಿಕ್ಕಿಗೆ ನಾಲ್ಕು ವರ್ಷ ಪೋಸ್ಟಿಂಗ್ ಆದಾಗ ಅವನಿಗೆ ಸ್ಕೀ ಹುಚ್ಚು ಹಿಡಿಯಿತು. ಹಿಡಿದದ್ದು ಸಿಂಗಾಪುರಕ್ಕೆ ವಾಪಸು ಬಂದರೂ ಬಿಡಲಿಲ್ಲ. ಪ್ರತಿ ಜುಲೈನಲ್ಲಿ ಒಂದು ವಾರ ರಜೆ ಹಾಕಿ, ಉರ್ಸ್ ಎನ್ನುವ ಗೈಡಿನ ಜೊತೆ ಒಂದೇ ಹಿಮನದಿಗೆ ಹೋಗುತ್ತಿದ್ದ. ಬೇಸಿಗೆಯಲ್ಲಿ ಎಂಥಾ ಸ್ಕೀ ಅಂತ ಎಲ್ಲರೂ ಕೇಳುತ್ತಾರೆ. ಕೆಳಗಿನ ಊರುಗಳಲ್ಲಿ ಹುಲ್ಲು, ಹೂವು, ದನದ ಗಂಟೆ. ಮೇಲೆ ಹಿಮನದಿಯ ಬೆನ್ನಿನ ಮೇಲೆ ಮಾತ್ರ ಚಳಿಗಾಲದ ಹಿಮ ಇನ್ನೂ ಹಾಸಿಕೊಂಡಿರುತ್ತದೆ. ಆ ಬೆನ್ನಿನ ಮೇಲೆ ಹತ್ತಿಸಲು ಕೇಬಲ್ ಕಾರಿಲ್ಲ, ತೂಗುಕುರ್ಚಿಯಿಲ್ಲ. ಹಿಂದಕ್ಕೆ ಜಾರದಂತೆ ಸ್ಕೀಯ ಅಡಿಗೆ ಕೂದಲಿನ ಪಟ್ಟಿ ಅಂಟಿಸಿಕೊಂಡು, ಸೂರ್ಯ ಹುಟ್ಟುವ ಮೊದಲೇ, ಹಿಮ ಕಲ್ಲಾಗಿರುವಾಗ ತನ್ನ ಕಾಲಿನಿಂದಲೇ ಹತ್ತಬೇಕು. ಒಂಬತ್ತು ಗಂಟೆಯ ಬಿಸಿಲಿಗೆ ಮೇಲಿನ ಬೆರಳುದ್ದ ಹಿಮ ಸಡಿಲವಾಗುತ್ತದೆ. ಆ ಒಂದು ಗಂಟೆಯಲ್ಲಿ ಇಳಿದುಬಿಡಬೇಕು. “ಬನ್ಸಿ ರವೆ ಕಣೇ, ಒಳ್ಳೇ ಬನ್ಸಿ ರವೆ ಮೇಲೆ ಹೋದಂಗಿರುತ್ತೆ” ಅನ್ನುತ್ತಿದ್ದ. ನನಗೂ ಹಿಮಕ್ಕೂ ಎಣ್ಣೆ ಸೀಗೆಕಾಯಿ. ನಾನು ಬೆಟ್ಟ ಹತ್ತುವವರು ತಂಗುವ ಮೇಲಿನ ‘ಹಟ್’ ಮನೆಯ ಜಗಲಿಯಲ್ಲಿ ಕಂಬಳಿ ಹೊದ್ದು ಪುಸ್ತಕ ಓದುತ್ತ, ಅವರು ಎರಡು ಚುಕ್ಕಿಗಳಾಗಿ ಇಳಿದು ಬರುವುದನ್ನು ಕಾಯುತ್ತಿದ್ದವಳು.

ಆ ಹಟ್ಟಿನಿಂದ ಮೊದಲ ವರ್ಷ ನಾಲ್ಕು ಹೆಜ್ಜೆ ಇಳಿದರೆ ಹಿಮನದಿ. ಆಮೇಲೊಂದು ವರ್ಷ ಬಂಡೆಗೆ ಕಬ್ಬಿಣದ ಏಣಿ ಬಂತು. ಐಸು ಕೆಳಗೆ ಸರಿಯುತ್ತ ಹೋದ ಹಾಗೆ ಆ ಏಣಿಗೆ ಇನ್ನೊಂದು ಏಣಿ ಜೋಡಿಸಿದರು, ಅದಕ್ಕೆ ಮತ್ತೊಂದು. ನಾನು ಅದನ್ನು ನೋಡಿ ಛೇ ಅಂದು ಮತ್ತೆ ಪುಸ್ತಕಕ್ಕೆ ತಲೆ ಹಾಕುತ್ತಿದ್ದೆ. ಮಂಜು ಯಾವಾಗ ಕರಗುತ್ತದೆ, ಎಷ್ಟು ಶಾಖ ಕುಡಿಯುತ್ತದೆ ಅಂತ ಜೀವಮಾನವಿಡೀ ಬೋರ್ಡಿನ ಮೇಲೆ ಬರೆದವಳು ನಾನು.

ಮೂರು ವರ್ಷದ ಹಿಂದೆ ಫೆಬ್ರವರಿಯಲ್ಲಿ ಮುರಳಿಗೆ ಪಾರ್ಕಿನ್ಸನ್ಸ್ ಅಂತ ಗೊತ್ತಾಯಿತು. ಎಡಗೈ ನಡುಗುತ್ತಿತ್ತು, ಎಡಗಾಲು ಒಂದು ಚೂರು ಹಿಂದೆ ಉಳಿಯುತ್ತಿತ್ತು. ನಾವು ವಯಸ್ಸು ಅಂದುಕೊಂಡಿದ್ದೆವು. ಡಾಕ್ಟರ ಮುಂದೆ ಅವನು ಕೇಳಿದ್ದು ಒಂದೇ ಪ್ರಶ್ನೆ: ಈ ಜುಲೈನಲ್ಲಿ ಸ್ಕೀ ಮಾಡಬಹುದೇ? ಆಕೆ ಅವನ ಮುಖ ನೋಡಿ, ಔಷಧಿ ಚೆನ್ನಾಗಿ ಹಿಡಿದಿದೆ, ಈ ವರ್ಷ ಹೋಗಿ, ಮುಂದಿನ ವರ್ಷದ್ದು ನಾನು ಹೇಳಲಾರೆ ಅಂದಳು. ಹೊರಗೆ ಬಂದು ಲಿಫ್ಟಿನ ಮುಂದೆ ನಿಂತಾಗ ಅವನು ಹೇಳಿದ, ಹಾಗಾದರೆ ಈ ಸಲ ಮೇಘಳನ್ನೂ ಕರೆದುಕೊಂಡು ಹೋಗುತ್ತೇನೆ, ಒಂದೇ ಒಂದು ಸಲ ಅವಳ ಜೊತೆ ಅಲ್ಲಿಂದ ಇಳಿಯಬೇಕು ಅಂತ. ಮೇಘ ಜಪಾನಿನಲ್ಲಿ ಗೆಳತಿಯರ ಜೊತೆ ಸ್ಕೀ ಕಲಿತವಳು. ಅಪ್ಪನ ಹಿಮನದಿಗೆ ಮಾತ್ರ ಎಂದೂ ಬಂದಿರಲಿಲ್ಲ. ಪರೀಕ್ಷೆ, ಇಂಟರ್ನ್‌ಶಿಪ್, ಕೆಲಸ, ಏನಾದರೊಂದು ಅಡ್ಡ ಇರುತ್ತಿತ್ತು.

ಅಪ್ಪ ಮಗಳ ತಾಲೀಮು ಶುರುವಾಯಿತು. ಈ ಊರಿನಲ್ಲಿ ಬೆಟ್ಟ ಎಲ್ಲಿಂದ ತರುವುದು? ನಮ್ಮ ಬ್ಲಾಕಿಗೆ ಇಪ್ಪತ್ತೈದು ಮಹಡಿ. ಸಂಜೆ ಆರಕ್ಕೆ ಇಬ್ಬರೂ ಸ್ಕೀ ಬೂಟು ಹಾಕಿಕೊಂಡು, ಸೆರಂಗೂನ್ ರಸ್ತೆಯಿಂದ ತಂದ ಸೋನಾ ಮಸೂರಿಯ ಚೀಲವನ್ನು ಒಬ್ಬೊಬ್ಬರ ಬೆನ್ನಿಗೂ ಒಂದೊಂದರಂತೆ ಕಟ್ಟಿಕೊಂಡು ವಾಯ್ಡ್ ಡೆಕ್ ಅನ್ನುವ ಬುಡದ ಖಾಲಿ ಅಂಗಳದಿಂದ ಮೆಟ್ಟಿಲು ಹತ್ತುತ್ತಿದ್ದರು. ಇಳಿಯುವುದು ಲಿಫ್ಟಿನಲ್ಲಿ, ಮಂಡಿ ಉಳಿಯಬೇಕಲ್ಲ. ಟಕ್ ಟಕ್ ಸದ್ದಿಗೆ ಪ್ರತಿ ಮಹಡಿಯಲ್ಲೂ ಬಾಗಿಲು ತೆರೆಯುತ್ತಿತ್ತು. ಕೆಳಗೆ ಚದುರಂಗ ಆಡುವ ಒಬ್ಬ ಚೀನೀ ಅಜ್ಜ ದಿನವೂ ತಲೆಯೆತ್ತಿ, ಸ್ನೋ ಬರ್ತಾ ಇದ್ಯಾ ಅಂತ ಕೇಳುತ್ತಿದ್ದ. ನಾಳೆ ಬರುತ್ತೆ ಅಂಕಲ್ ಅಂತ ಮುರಳಿ ಉತ್ತರ ಕೊಡುತ್ತಿದ್ದ. ಬೂಟಿನೊಳಗೆ ತುದಿ ಒತ್ತಿ ಒತ್ತಿ ಅವನ ಹೆಬ್ಬೆರಳಿನ ಉಗುರುಗಳೆರಡೂ ಕಪ್ಪಾದವು. ಅಷ್ಟು ಖುಷಿಯಲ್ಲಿ ಅವನನ್ನು ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ನಾನು ಮಾತ್ರ ಪ್ರತಿ ಸಂಜೆ ಅವನ ಎಡಗಾಲನ್ನೇ ನೋಡುತ್ತ ನಿಲ್ಲುತ್ತಿದ್ದೆ.

ಜುಲೈ ಮೊದಲ ವಾರಕ್ಕೆ ಟಿಕೆಟ್ ಬುಕ್ ಆಯಿತು. ಮೇ ತಿಂಗಳಲ್ಲಿ ಮೈಸೂರಿನಿಂದ ಅಕ್ಕ ಫೋನ್ ಮಾಡಿದಳು. ಕಾಯಿಲೆಯ ವಿಷಯ ಅವಳಿಗೆ ಆಗಷ್ಟೇ ಹೇಳಿದ್ದೆ. “ಭೀಮನ ಅಮಾವಾಸ್ಯೆ ನೀನು ಒಂದು ವರ್ಷನಾದ್ರೂ ಮಾಡಿದ್ದೀಯೇನೇ?” ಅಂದಳು. ಚುಚ್ಚಿ ಅಂದದ್ದಲ್ಲ, ಪಾಪ. ಮಾಡಿರಲಿಲ್ಲ. ಆಷಾಢದ ಕೊನೆಯ ದಿನ ಹೆಂಡಂದಿರು ಗಂಡನ ಆಯಸ್ಸಿಗೆ ಮಾಡುವ ಆ ವ್ರತವನ್ನು ಮದುವೆಯಾದ ಹೊಸತರಲ್ಲೇ ನಾನು ನಕ್ಕು ತಳ್ಳಿಹಾಕಿದ್ದೆ. ಗಂಡನ ಕಾಲು ತೊಳೆಯುವುದೇ, ಅದೂ ಲ್ಯಾಬಿನಲ್ಲಿ ನನ್ನ ರೀಡಿಂಗ್ ಕಾಪಿ ಹೊಡೆದವನ ಕಾಲು! ಮುರಳಿಯೂ ನಕ್ಕಿದ್ದ. ಅಕ್ಕ ಫೋನ್ ಇಟ್ಟ ಮೇಲೆ ಆ ನಗು ನೆನಪಾಗಿ ನನಗೆ ಭಯವಾಯಿತು. ಭಯಕ್ಕೆ ಥರ್ಮೋಡೈನಾಮಿಕ್ಸ್ ಗೊತ್ತಿಲ್ಲ.

ಮುರಳಿಗೆ ಹೇಳಿದೆ: ಈ ವರ್ಷ ಆ ವ್ರತ ಮಾಡುತ್ತೇನೆ, ಅದು ಜುಲೈ ಕೊನೆಗೆ ಬರುತ್ತದೆ, ಮುಗಿಸಿಕೊಂಡು ಹೋಗೋಣ. ಹೇಗೂ ಆಷಾಢದಲ್ಲಿ ಮಗಳನ್ನು ಹೊಸ ಸಾಹಸಕ್ಕೆ ಇಳಿಸುವುದು ಬೇಡ. ಅವನು ನನ್ನನ್ನೇ ನೋಡಿದ. ತಮಾಷೆ ಮಾಡುತ್ತಾನೆ ಅಂದುಕೊಂಡೆ. ಮಾಡಲಿಲ್ಲ. “ಆಯ್ತು ಬಿಡು. ಮೂರು ವಾರಕ್ಕೆ ಹಿಮ ಎಲ್ಲೂ ಓಡಿಹೋಗಲ್ಲ” ಅಂದು ಟಿಕೆಟ್ ಮುಂದಕ್ಕೆ ಹಾಕಿಸಿದ.

ಜೂನ್ ನಡುವಿನಲ್ಲಿ ಒಂದು ಭಾನುವಾರ ಬೆಳಗ್ಗೆ, ಮುರಳಿ ಸ್ನಾನಕ್ಕೆ ಹೋಗಿದ್ದಾಗ, ಅವನ ಫೋನಿಗೆ ಉರ್ಸ್ ಕರೆ ಮಾಡಿದ. ನಾನೇ ಎತ್ತಿದೆ. ಉರ್ಸ್‌ಗೆ ಬರುವುದು ಅಳತೆಯ ಇಂಗ್ಲಿಷ್, ಅವನು ಸುತ್ತಿ ಬಳಸಿ ಮಾತಾಡುವವನಲ್ಲ. ಚಳಿಗಾಲದಲ್ಲಿ ಹಿಮ ಬಿದ್ದಿಲ್ಲ, ಸಮುದ್ರದಾಚೆಯ ಮರಳುಗಾಡಿನಿಂದ ಗಾಳಿಯಲ್ಲಿ ಬಂದ ಧೂಳು ಕೂತು ಇದ್ದ ಹಿಮವೂ ಕಂದು ಬಣ್ಣಕ್ಕೆ ತಿರುಗಿ ಬೇಗ ಬೇಗ ಕರಗುತ್ತಿದೆ ಅಂದ. ಜುಲೈ ಹತ್ತರೊಳಗೆ ಬನ್ನಿ, ಆಮೇಲೆ ಬರೀ ಐಸು, ನಾನು ಅವನನ್ನು ಇಳಿಸುವುದಿಲ್ಲ ಅಂದ. ಮುರಳಿಗೆ ಹೇಳು, ಮರೆಯಬೇಡ ಅಂತ ಎರಡು ಸಲ ಹೇಳಿದ. ಹೇಳುತ್ತೇನೆ ಅಂದೆ.

ಹೇಳಲಿಲ್ಲ.

ಟಿಕೆಟ್ ಹಿಂದಕ್ಕೆ ಹಾಕಿಸಲು ಆಗ ಬೇಕಾದಷ್ಟು ಸಮಯವಿತ್ತು. ಆದರೆ ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿ ಮಾಡುತ್ತೇನೆ ಅಂದಾಗಿತ್ತು. ಅಂದದ್ದನ್ನು ಮುರಿದರೆ ಏನಾದೀತೋ ಅನ್ನುವ ದಿಗಿಲು. ಇನ್ನೊಂದು ಮಾತೂ ಇದೆ, ಮುಚ್ಚಿಟ್ಟರೆ ಈ ಬರಹವೇ ಸುಳ್ಳಾಗುತ್ತದೆ. ನಡುಗುವ ಕೈಕಾಲಿನ ಗಂಡನನ್ನು ಆ ಬಿರುಕುಗಳ ಮೇಲೆ ಕಳಿಸಲು ನನಗೆ ಮನಸ್ಸೇ ಇರಲಿಲ್ಲ. ಕರಗಿಹೋದರೆ ಹೋಗಲಿ ಅಂತ ಒಂದು ಮೂಲೆಯಲ್ಲಿ ಅನ್ನಿಸಿತ್ತು. ಫೋನಿನಲ್ಲಿ ಆ ಕರೆಯ ಗುರುತನ್ನು ಅಳಿಸಿದೆ. ಮುರಳಿ ತಲೆ ಒರೆಸಿಕೊಳ್ಳುತ್ತ ಬಂದು ಯಾರದ್ದು ಅಂದಾಗ, ಯಾವುದೋ ಇನ್ಶೂರೆನ್ಸಿನವರು ಅಂದೆ.

ಅಮಾವಾಸ್ಯೆಯ ದಿನ ಹನ್ನೆರಡನೇ ಮಹಡಿಯ ನಮ್ಮ ಹಾಲಿನಲ್ಲಿ ಜೋಡಿ ದೀಪದ ಕಂಬ ಇಟ್ಟು, ಅರಿಶಿನದ ದಾರಕ್ಕೆ ಒಂಬತ್ತು ಗಂಟು ಹಾಕಿ, ಅಕ್ಕ ವಿಡಿಯೋದಲ್ಲಿ ಹೇಳಿಕೊಟ್ಟಂತೆ ಕಡುಬು ಬೇಯಿಸಿ ಎಲ್ಲ ಮಾಡಿದೆ. ಮುರಳಿ ಪಂಚೆ ಉಟ್ಟು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಸ್ಟೀಲ್ ತಟ್ಟೆಯಲ್ಲಿ ಪಾದ ಇಟ್ಟ. ಎಡಗಾಲು ನಿಲ್ಲದೆ ತಟ್ಟೆಯ ನೀರು ಟೈಲಿನ ಮೇಲೆ ಚೆಲ್ಲಿತು. “ಮೂವತ್ತು ವರ್ಷ ಬರೀ ಕಾಲೆಳೆದೆ, ಈಗ ತೊಳೀತಿದ್ದೀಯ, ಏನು ಸಮಾಚಾರ?” ಅಂದ. ನನಗೆ ನಗು ಬರಲಿಲ್ಲ. ಕಪ್ಪಾದ ಆ ಎರಡು ಉಗುರುಗಳ ಮೇಲೆ ಅರಿಶಿನ ಕುಂಕುಮ ಹಚ್ಚಿದೆ. ಇವನನ್ನು ಉಳಿಸಿಕೊಡು, ಇವನು ಇರಲಿ, ಅಷ್ಟೇ ಅಂತ ಬೇಡಿಕೊಂಡೆ. ಹೆಬ್ಬೆರಳಿನಿಂದ ಅಂಗುಲ ದೂರದಲ್ಲಿ ಹಣೆಯಿಟ್ಟು ಅತ್ತದ್ದು ಅವನಿಗೆ ಕಂಡಿತು. ನನ್ನ ತಲೆಯ ಮೇಲೆ ಕೈಯಿಟ್ಟ.

ಎರಡು ದಿನ ಬಿಟ್ಟು ಹೊರಟೆವು. ಕೇಬಲ್ ಕಾರಿನಿಂದ ಇಳಿದು ಹಟ್ಟಿನವರೆಗೆ ಮೆಲ್ಲಗೆ ನಡೆದೆವು, ಸ್ಕೀ ಚೀಲಗಳನ್ನು ಉರ್ಸ್ ಹೊತ್ತ. ಕೈಕುಲುಕುವಾಗ ಅವನು ನನ್ನ ಮುಖ ನೋಡಲಿಲ್ಲ. ಜಗಲಿಯ ತುದಿಗೆ ಹೋಗಿ ಬಗ್ಗಿದರೆ ನಾಲ್ಕನೇ ಏಣಿ ಜೋಡಿಸಿದ್ದರು. ಅದರ ಕೆಳಗೆ ಪಾತ್ರೆ ತೊಳೆದ ನೀರಿನ ಬಣ್ಣದ ಐಸು. ಒಂದು ಹಿಡಿ ಬಿಳಿ ಹಿಮವಿಲ್ಲ. ಬಿರುಕುಗಳೆಲ್ಲ ಬಾಯಿ ಬಿಟ್ಟಿದ್ದವು, ಒಳಗೆಲ್ಲೋ ನೀರು ಹರಿಯುವ ಸದ್ದು ದಿನವಿಡೀ ನಿಲ್ಲಲಿಲ್ಲ. ಮೇಘ ತನ್ನ ಸ್ಕೀಗಳನ್ನು ಚೀಲದಿಂದ ತೆಗೆದು ಗೋಡೆಗೆ ಒರಗಿಸಿ ಕಾದಳು. ಮುರಳಿ ತನ್ನ ಚೀಲದ ಜಿಪ್ಪನ್ನೇ ತೆಗೆಯಲಿಲ್ಲ. ಸಂಕಟಕ್ಕೆ ಅಂದುಕೊಂಡೆ.

ಮರುದಿನ ಬೆಳಗ್ಗೆ ಉರ್ಸ್ ಆಗುವುದಿಲ್ಲ ಅಂದ. ಮೇಘಳ ಕಣ್ಣು ತುಂಬಿತು. ಮುರಳಿ ಅವಳನ್ನು ಕರೆದುಕೊಂಡು ಹೋಗಿ ಬಂಡೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡ. ಬಲಗೈಯಿಂದ ನಡುಗುವ ಎಡಗೈಯನ್ನು ಹಿಡಿದುಕೊಂಡು, ಗಾಳಿಯಲ್ಲಿ ದಾರಿ ತೋರಿಸಿದ. ಅಗೋ ಆ ಕೊಂಬಿನಂಥ ಶಿಖರದ ಕೆಳಗಿನಿಂದ ಹೊರಡುವುದು, ಅಲ್ಲಿ ಎಡಕ್ಕೆ ದೊಡ್ಡ ತಿರುವು, ಆ ಕರಿ ಬಂಡೆ ಆಗ ಕಾಣುತ್ತಿರಲಿಲ್ಲ, ಹಿಮದ ಕೆಳಗಿತ್ತು, ಅದರ ಮೇಲೇ ಹೋಗುವುದು, ಅಲ್ಲಿ ನಿಂತು ಉಸಿರು ತಗೋಬೇಕು, ಹಿಂತಿರುಗಿ ನೋಡಿದರೆ ನಮ್ಮ ಗೆರೆಗಳು ಕಾಣುತ್ತವೆ. ಒಂದೊಂದು ತಿರುವನ್ನೂ ಬಿಡದೆ ಹೇಳಿದ. ಒಂದು ಗಂಟೆ ಹಿಡಿಯಿತು. ನಿಜವಾಗಿ ಇಳಿದಿದ್ದರೆ ಇಪ್ಪತ್ತು ನಿಮಿಷ.

“ಅಪ್ಪಾ, ನೆಕ್ಸ್ಟ್ ಇಯರ್ ಜೂನ್‌ನಲ್ಲೇ ಬರೋಣ” ಅಂದಳು ಮೇಘ.

“ಹೂಂ” ಅಂದ.

ನಾನು ಕಂಬಳಿ ಹೊದ್ದು ಜಗಲಿಯಲ್ಲಿ ಕೂತಿದ್ದೆ. ಬೇಡಿಕೊಂಡದ್ದನ್ನು ದೇವರು ಕೊಟ್ಟಿದ್ದ, ಅವನು ಕ್ಷೇಮವಾಗಿ ಬಂಡೆಯ ಮೇಲೆ ಕೂತಿದ್ದ. ನನ್ನಷ್ಟು ಪಾಪಿ ಇನ್ನೊಬ್ಬಳಿಲ್ಲ ಅನ್ನಿಸಿತು.

ಮುಂದಿನ ಜೂನ್ ಹೊತ್ತಿಗೆ ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಅದರ ಮುಂದಿನ ವರ್ಷ ಮಾತು ತಡವಾಗತೊಡಗಿತು. ನಾನು ಕೆಲಸ ಬಿಟ್ಟೆ. ದೀಪದ ಕಂಬಗಳನ್ನು ಹಳೇ ಸೀರೆಯಲ್ಲಿ ಸುತ್ತಿ ಮೇಲಿಟ್ಟೆ, ವ್ರತವನ್ನು ಮತ್ತೆ ಮಾಡಲಿಲ್ಲ. ಅಕ್ಕ ಕೇಳಿದಾಗ ಮಂಡಿ ನೋವು ಅಂದೆ. ಅವನಿಗೆ ಹೇಳಿಬಿಡಬೇಕು ಅಂತ ಎಷ್ಟೋ ಸಲ ಬಾಯಿಗೆ ಬಂದದ್ದನ್ನು ಗಂಜಿಯ ಚಮಚದ ಜೊತೆ ನುಂಗಿದ್ದೇನೆ. ಏನೂ ತಿಳಿಯದವನ ಮುಂದೆ ಹೇಳಿ ನನ್ನ ಎದೆ ಹಗುರ ಮಾಡಿಕೊಂಡರೆ, ಅವನದ್ದು ಭಾರವಾಗುತ್ತದಲ್ಲ.

ಉಬಿಯಲ್ಲಿ ಲಿಮ್ ಅಂಕಲ್ ಕೈಯಲ್ಲಿದ್ದ ಕೆಲಸ ಮುಗಿಸಿ ನಮ್ಮ ಚೀಲವನ್ನು ಮೇಜಿನ ಮೇಲೆ ಮಲಗಿಸಿ ಜಿಪ್ ಎಳೆದ. ಸ್ಕೀಯನ್ನು ತಿರುವಿ ಅಡಿ ನೋಡಿದ. ನಾನೂ ಬಗ್ಗಿದೆ. ಈ ತುದಿಯಿಂದ ಆ ತುದಿಯವರೆಗೆ, ಅಂಚಿನ ಕಬ್ಬಿಣವನ್ನೂ ಮುಚ್ಚಿ, ದಪ್ಪಗೆ ಹೆಪ್ಪುಗಟ್ಟಿದ ಹಳದಿ ಮೇಣ. ಒಂದು ಗೀರಿಲ್ಲ. ಇದೇನು ಹೀಗೆ ಅಂದೆ. ಲಿಮ್ ಬೆರಳಿನಿಂದ ಅದನ್ನು ಸವರಿದ. ಆಮೇಲೆ ಹೇಳಿದ: ಇದು ಎತ್ತಿಡುವ ಸ್ಕೀಗೆ ಹಾಕುವ ಮೇಣ. ತುಕ್ಕು ಹಿಡಿಯದಿರಲಿ ಅಂತ ದಪ್ಪಗೆ ಬಳಿದು ಹಾಗೇ ಬಿಡುವುದು. ಹೋಗುವ ಮುಂಚೆ ಹೆರೆದು ತೆಗೆಯದಿದ್ದರೆ ಹಿಮದ ಮೇಲೆ ಹೆಜ್ಜೆಯೂ ಜಾರುವುದಿಲ್ಲ.

ಆ ಪ್ರವಾಸ ಮುಗಿಸಿ ಬಂದ ಮೇಲೆ ಮುರಳಿ ಇಲ್ಲಿಗೆ ಬಂದೇ ಇರಲಿಲ್ಲ. ಚೀಲ ವಿಮಾನದಿಂದ ನೇರ ಬಾಂಬ್ ಶೆಲ್ಟರಿಗೆ ಹೋದದ್ದು, ನಾನೇ ಇಟ್ಟದ್ದು. ಹಾಗಾದರೆ ನೀನು ಇದನ್ನು ಯಾವಾಗ ಹಾಕಿದೆ ಅಂತ ಲಿಮ್‌ನನ್ನು ಕೇಳಿದೆ.

“ನೀವು ಹೊರಡೋಕೆ ಮುಂಚೆ. ಜುಲೈನಲ್ಲಿ. ಮಗಳದ್ದು ಹೆರೆದು ರೆಡಿ ಮಾಡು, ನನ್ನದು ಹೆರೀಬೇಡ ಅಂದ” ಅಂದ ಲಿಮ್. “ಗೈಡು ಎರಡನೇ ಸಲ ಫೋನ್ ಮಾಡಿದಾಗ ಅವನೇ ಎತ್ತಿದನಂತೆ, ಮೊದಲೇ ಹೇಳಿದ್ದೆನಲ್ಲ, ಈಗ ಹಿಮ ಇಲ್ಲ ಅಂದನಂತೆ. ಮತ್ತೆ ಇದನ್ನ ಯಾಕೆ ಹೊತ್ಕೊಂಡು ಹೋಗ್ತೀಯ, ಭಾರ ಲಾ, ಅಂದೆ ನಾನು. ಮನೇಲಿ ಬಿಟ್ಟು ಹೋದ್ರೆ ನನಗೆ ಗೊತ್ತಾಗಿದೆ ಅಂತ ನನ್ನ ಹೆಂಡ್ತಿಗೆ ಗೊತ್ತಾಗುತ್ತೆ ಅಂದ.”

ಸ್ಟೂಲು ಎಲ್ಲಿದೆ ಅಂತ ಕೈಯಲ್ಲಿ ತಡಕಿ ಕೂತೆ. ಮಗಳದ್ದನ್ನು ಮಾತ್ರ ಹೆರೆಸಿದ್ದ, ಏನಾದರೂ ಉಳಿದಿದ್ದರೆ ಅವಳಾದರೂ ಇಳಿಯಲಿ ಅಂತ ಇರಬೇಕು. ತನ್ನದನ್ನು ಮುಚ್ಚಿಬಿಟ್ಟಿದ್ದ. ನಾನು ಕಾಲು ತೊಳೆದ ದಿನ ಅವನಿಗೆ ಎಲ್ಲವೂ ತಿಳಿದಿತ್ತು. ತಲೆಯ ಮೇಲೆ ಕೈಯಿಟ್ಟಾಗಲೂ ತಿಳಿದಿತ್ತು. ಲಿಮ್ ಒಂದು ಲೋಟ ಬಿಸಿನೀರು ತಂದುಕೊಟ್ಟು, ಹೆರೆಯಲೋ ಬೇಡವೋ ಅಂತ ಕೇಳಿದ. ಮಗಳು ಶುಕ್ರವಾರ ಹೊರಡುತ್ತಾಳೆ, ಹೆರೆ ಅಂದೆ. ಅವನು ಪ್ಲಾಸ್ಟಿಕ್ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತ ಹೋದ. ಮೇಣ ಸುರುಳಿ ಸುರುಳಿಯಾಗಿ ನೆಲಕ್ಕೆ ಬಿತ್ತು. ಅರ್ಧ ಗಂಟೆ ಹಿಡಿಯಿತು, ನಾನು ಅಲ್ಲೇ ಕೂತು ನೋಡಿದೆ.

ಮನೆಗೆ ಬಂದಾಗ ನಾಲ್ಕೂವರೆ. ಮುರಳಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ಹಗಲು ಅವನನ್ನು ನೋಡಿಕೊಳ್ಳುವ ಹುಡುಗಿ ಟೀ ಮಾಡಲು ಒಳಗೆ ಹೋದಳು. ಚೀಲವನ್ನು ಅವನಿಗೆ ಕಾಣುವಂತೆ ಗೋಡೆಗೆ ಒರಗಿಸಿ, ಸ್ಟೂಲು ಎಳೆದುಕೊಂಡು ಅವನ ಮುಂದೆ ಕೂತೆ. “ಮುರಳಿ, ಆ ವರ್ಷ ಉರ್ಸ್ ಫೋನ್ ಮಾಡಿದ್ದ. ಹತ್ತರೊಳಗೆ ಬನ್ನಿ ಅಂದಿದ್ದ. ನಾನು ನಿಂಗೆ ಹೇಳ್ಲಿಲ್ಲ” ಅಂದೆ.

ಈಗ ಅವನ ಮಾತಿಗೆ ಕಾಯಬೇಕು. ಕಾದೆ. ಅವನ ಕಣ್ಣು ಚೀಲದ ಮೇಲೆ ಹೋಯಿತು. ನನ್ನ ಬಟ್ಟೆಯಿಂದಲೂ ಮೇಣದ ವಾಸನೆ ಬರುತ್ತಿದ್ದಿರಬೇಕು.

“ಹೆರೆಸಿದ್ಯಾ?” ಅಂದ.

ಹೂಂ ಅಂದೆ. ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ. ಹುಡುಗಿ ಟೀ ತಂದಿಟ್ಟು ಮತ್ತೆ ಒಳಗೆ ಹೋದಳು. ತುಂಬ ಹೊತ್ತಾದ ಮೇಲೆ ಅವನ ತುಟಿ ಮತ್ತೆ ಅಲುಗಿತು. ಮುಖ ಹತ್ತಿರ ತಂದೆ.

“ನಿನ್ನ ಅಮಾವಾಸ್ಯೆ... ಯಾವತ್ತು ಈ ಸಲ?”

ಇನ್ನೂ ಒಂದು ತಿಂಗಳಿದೆ ಅಂದೆ.

“ಇರ್ತೀನಿ ಬಿಡು” ಅಂದ.